ಮೀನಿನ ಕಂಪನಿಯಲ್ಲಿ ಸಮಾಜ ವಿಜ್ಞಾನಿಗೆ ಏನು ಕೆಲಸ?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದೇನೆ. ಮೂರು ವರ್ಷ ಒಂದು ಮೀನುಗಾರಿಕೆ ಬಂದರಿನಲ್ಲಿ ಓಡಾಡಿ, ಬೋಟಿನ ಕೆಲಸಗಾರರು ಮತ್ತು ಸಿಗಡಿ ಸುಲಿಯುವ ಹೆಂಗಸರ ಜೊತೆ ಮಾತಾಡಿ ಪ್ರಬಂಧ ಬರೆದಿದ್ದೇನೆ. ಈಗ ಒಂದು ದೊಡ್ಡ ಸೀಫುಡ್ ಕಂಪನಿಯಿಂದ ಆಫರ್ ಬಂದಿದೆ. ಹುದ್ದೆಯ ಹೆಸರು ‘ಸಾಮಾಜಿಕ ಹೊಣೆಗಾರಿಕೆ ಸಂಶೋಧಕಿ’. ಸಂಬಳ ಚೆನ್ನಾಗಿದೆ. ನನ್ನ ಗೈಡ್ ಮಾತ್ರ ‘ಇದು ಮಾರಿಕೊಂಡ ಹಾಗೆ’ ಎನ್ನುತ್ತಾರೆ. ಮನೆಯಲ್ಲಿ ‘ಮೀನಿನ ಫ್ಯಾಕ್ಟರಿಯಲ್ಲಿ ನಿನಗೇನು ಕೆಲಸ’ ಅಂತಾರೆ. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಒಬ್ಬರು ‘ನಿಮ್ಮ ಫೀಲ್ಡ್ ಪರಿಚಯಗಳು ನಮಗೆ ತುಂಬಾ ಉಪಯೋಗಕ್ಕೆ ಬರುತ್ತವೆ, ಬರುವಾಗ ಆ ನೋಟ್ಸ್ ಎಲ್ಲಾ ತನ್ನಿ’ ಅಂದರು. ಆವತ್ತಿನಿಂದ ನಿದ್ದೆ ಬರುತ್ತಿಲ್ಲ. ಆ ಬಂದರಿನ ಮಾಲು ಹೋಗುವುದು ಇದೇ ಕಂಪನಿಗೆ. ಸೇರಲೇ, ಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೈಡ್ ಮಾತು, ಮನೆಯವರ ಮಾತು ನಿಮಗೆ ಬೇಸರ ತಂದಿರಬಹುದು. ಆದರೆ ನಿದ್ದೆ ಕೆಡಿಸಿದ್ದು ಆ ಮ್ಯಾನೇಜರ್ ಮಾತು, ಅಲ್ವಾ? ಹೆದರಬೇಕಾದ ಕಡೆಯೇ ಹೆದರಿದ್ದೀರಿ. ಈ ಉದ್ಯಮದಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಒಂದು ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೊರಗೆ ನಿಂತು ಹೇಳುವುದು ಇವತ್ತಿಗೂ ನನ್ನಿಂದ ಆಗುವುದಿಲ್ಲ. ನಾನು ಕೇಳುವುದು ಬೇರೆ. ಜನ ನಿಮ್ಮ ಹತ್ತಿರ ಹೇಳಿದ್ದು ಯಾರ ಕೈಗೆ ಹೋಗುತ್ತದೆ? ಹೋದ ಮೇಲೆ ಹೇಳಿದವರಿಗೆ ಏನಾಗುತ್ತದೆ? ಇದಕ್ಕೆ ಕಂಪನಿ ಕೊಡುವ ಉತ್ತರ ನೋಡಿ ಸೇರಿ, ಅಥವಾ ಬಿಡಿ.

ಮನೆಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಅದು ದಡ್ಡ ಪ್ರಶ್ನೆಯೇನಲ್ಲ. ಎಷ್ಟೋ ಕಂಪನಿಗಳಿಗೇ ಅದರ ಉತ್ತರ ಗೊತ್ತಿರುವುದಿಲ್ಲ.

ಸೀಫುಡ್ ಅಂದ ತಕ್ಷಣ ಮೀನು, ಐಸು, ಕಂಟೇನರ್ ಕಣ್ಣಿಗೆ ಬರುತ್ತವೆ, ಜನ ಬರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಮೀನು ಹಿಡಿಯುವ ಮತ್ತು ಸಾಕುವ ಕೆಲಸವೊಂದರಲ್ಲೇ ಸುಮಾರು 6.2 ಕೋಟಿ ಜನರಿದ್ದರು. ಅವರಲ್ಲಿ ಹೆಂಗಸರು ಹೆಚ್ಚುಕಡಿಮೆ ಕಾಲು ಭಾಗ. ಮಾಲು ದಡಕ್ಕೆ ಬಂದ ಮೇಲಿನ ಕೆಲಸ, ಅಂದರೆ ಸುಲಿಯುವುದು, ಕತ್ತರಿಸುವುದು, ಪ್ಯಾಕ್ ಮಾಡುವುದು, ಇಲ್ಲಿ ಹೆಂಗಸರೇ ಅರ್ಧಕ್ಕಿಂತ ಜಾಸ್ತಿ. ಇಷ್ಟು ಜನರಿರುವ ಉದ್ಯಮವನ್ನು ಬಹಳ ಕಾಲ ಜೀವಶಾಸ್ತ್ರಜ್ಞರು, ಎಂಜಿನಿಯರ್‌ಗಳು, ಲೆಕ್ಕ ಬರೆಯುವವರು ಇಷ್ಟೇ ಮಂದಿ ನೋಡಿಕೊಂಡರು. ಮೀನಿನ ಉದ್ದ, ತೂಕ, ವಯಸ್ಸು ಎಲ್ಲಾ ಬರೆದಿಟ್ಟರು. ಅದನ್ನು ಹಿಡಿದವನ ಮೇಲೆ ಎಷ್ಟು ಸಾಲವಿದೆ ಅಂತ ಯಾರೂ ಬರೆದುಕೊಳ್ಳಲಿಲ್ಲ.

ಜನರನ್ನು ಕೇಳದಿದ್ದರೆ ಮೀನಿನ ಲೆಕ್ಕವೂ ತಪ್ಪುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ, ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಕಾಡ್ ಮೀನು ಹಿಡಿಯುವವರು ‘ಮೀನು ಕಡಿಮೆಯಾಗುತ್ತಿದೆ, ಗಾತ್ರವೂ ಚಿಕ್ಕದಾಗುತ್ತಿದೆ’ ಅಂತ ಹೇಳುತ್ತಲೇ ಇದ್ದರು. ಸರ್ಕಾರದ ವಿಜ್ಞಾನಿಗಳು ಹೆಚ್ಚು ನಂಬಿದ್ದು ದೊಡ್ಡ ಟ್ರಾಲರ್‌ಗಳಿಂದ ಬಂದ ಅಂಕಿಗಳನ್ನು. ಟ್ರಾಲರ್‌ಗಳಿಗೆ ಮೀನು ಚೆನ್ನಾಗಿಯೇ ಸಿಗುತ್ತಿತ್ತು. ಉಳಿದ ಮೀನು ಗುಂಪುಗೂಡುತ್ತಿತ್ತು, ಆ ಗುಂಪನ್ನು ಹುಡುಕುವ ಯಂತ್ರಗಳೂ ಚುರುಕಾಗಿದ್ದವು. 1992ರ ಜುಲೈನಲ್ಲಿ ಕಾಡ್ ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಕಾರಣ ಇದೊಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಸಣ್ಣ ದೋಣಿಯವರ ಮಾತು ಯಾವ ಕೋಷ್ಟಕದಲ್ಲೂ ಹಿಡಿಸಲಿಲ್ಲ. ಹಾಗಾಗಿ ಅದು ಲೆಕ್ಕಕ್ಕೇ ಬರಲಿಲ್ಲ.

ಇನ್ನು ದಿನದ ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಂದು ಸಿಗಡಿ ಘಟಕದವರು ನನ್ನನ್ನು ಕರೆದದ್ದು ಗ್ಲೌಸ್ ವಿಷಯಕ್ಕೆ. ಕಂಪನಿ ಒಳ್ಳೆಯ ದಪ್ಪ ಗ್ಲೌಸ್ ತಂದುಕೊಟ್ಟಿತ್ತು. ಹೆಂಗಸರು ಅದರ ಬೆರಳ ತುದಿಗಳನ್ನು ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ದಿನವಿಡೀ ಐಸ್ ನೀರಿನಲ್ಲಿ ಕೈಯಾಡಿಸಿ ಬೆರಳು ಬಿರಿಯುತ್ತಿತ್ತು. ಸಿಗಡಿಯ ತಲೆಯ ಮುಳ್ಳು ಚುಚ್ಚಿ ಕೀವಾಗುತ್ತಿತ್ತು. ‘ಓದಿಲ್ಲ ಸಾರ್, ಎಷ್ಟು ಹೇಳಿದರೂ ಅಷ್ಟೇ. ಒಂದು ಟ್ರೈನಿಂಗ್ ಮಾಡಿಸಿಬಿಡಿ’ ಅಂದರು ಮ್ಯಾನೇಜರ್. ಎರಡು ದಿನ ಮೇಜಿನ ಪಕ್ಕ ಸುಮ್ನೆ ನಿಂತು ನೋಡಿದೆ. ಮೂರನೆಯ ದಿನ ಅವರೇ ನನ್ನ ಮುಂದೆ ಒಂದು ಟ್ರೇ ಸರಿಸಿದರು. ಗ್ಲೌಸ್ ಹಾಕಿದ ಕೈಗೆ ಸಿಪ್ಪೆಯ ಅಂಚೇ ಸಿಗಲಿಲ್ಲ. ನಾನು ಬಗ್ಗಿ ಕಣ್ಣಲ್ಲಿ ಹುಡುಕುತ್ತಿದ್ದೆ. ಪಕ್ಕದಲ್ಲಿದ್ದವರು ಬೇರೆಲ್ಲೋ ನೋಡುತ್ತಾ, ನನ್ನನ್ನು ನೋಡಿ ನಗುತ್ತಾ, ಬೆರಳ ತುದಿಯಲ್ಲೇ ಅಂಚು ಹಿಡಿದು ಸುಲಿದು ಎಸೆಯುತ್ತಿದ್ದರು.

ಅವರ ಕೂಲಿ ಕಿಲೋ ಲೆಕ್ಕದಲ್ಲಿ. ಪೂರ್ತಿ ಗ್ಲೌಸ್ ಹಾಕಿದರೆ ವೇಗ ಇಳಿಯುತ್ತದೆ, ಸಂಜೆ ಕೈಗೆ ಬರುವ ಹಣವೂ ಇಳಿಯುತ್ತದೆ. ಗಾಯಕ್ಕೂ ಕೂಲಿಗೂ ನಡುವೆ ದಿನಾ ಲೆಕ್ಕ ಹಾಕಿಯೇ ಅವರು ಕತ್ತರಿ ಹಿಡಿಯುತ್ತಿದ್ದರು. ನಾನು ಟ್ರೈನಿಂಗ್ ಮಾತೇ ಎತ್ತಲಿಲ್ಲ. ತೆಳು ಗ್ಲೌಸ್ ನಾಲ್ಕೈದು ಥರ ತರಿಸಿ ಅವರಿಂದಲೇ ಆಯ್ಕೆ ಮಾಡಿಸಿ, ಕಿಲೋ ಲೆಕ್ಕ ಎಷ್ಟೇ ಬರಲಿ, ದಿನಕ್ಕೆ ಇಷ್ಟಕ್ಕಿಂತ ಕಡಿಮೆ ಇಲ್ಲ ಅಂತ ಖಾತರಿ ಕೊಡಿ ಎಂದು ಬರೆದುಕೊಟ್ಟೆ. ತೆಳು ಗ್ಲೌಸ್ ತಿಂಗಳೊಳಗೆ ಬಂತು. ಖಾತರಿ ಕೂಲಿಗೆ ಹದಿನಾಲ್ಕು ತಿಂಗಳು ಹಿಡಿಯಿತು.

ನಿಮ್ಮ ಕೆಲಸ ಇದೇ. ‘ಜನಕ್ಕೆ ಗೊತ್ತಾಗಲ್ಲ’ ಅಂತ ಕಂಪನಿ ಅಂದುಕೊಂಡಿರುವ ಕಡೆ, ಜನಕ್ಕೆ ಏನು ಗೊತ್ತಿದೆ ಅಂತ ಹುಡುಕುವುದು.

ಕಂಪನಿಗಳು ಈಗ ಯಾಕೆ ನಮ್ಮನ್ನು ಹುಡುಕುತ್ತಿವೆ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಮುಖ್ಯ ಕಾರಣ ಭಯ. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಪತ್ರಕರ್ತೆಯರು ಇಂಡೋನೇಷ್ಯಾದ ಬೆಂಜಿನಾ ಎಂಬಲ್ಲಿ ಜೀತಕ್ಕೆ ಸಿಕ್ಕಿಬಿದ್ದ ಮೀನುಗಾರರನ್ನು ಪತ್ತೆ ಹಚ್ಚಿದರು. ಕೆಲವರನ್ನು ಪಂಜರದಲ್ಲಿ ಕೂಡಿಹಾಕಿದ್ದರು. ಅವರು ಹಿಡಿದ ಮೀನು ಥಾಯ್ಲೆಂಡಿನ ಮೂಲಕ ಅಮೆರಿಕದ ಅಂಗಡಿಗಳವರೆಗೆ ಹೋದದ್ದನ್ನೂ ತೋರಿಸಿದರು. 2,000ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಅದೇ ವರ್ಷ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ, ಅಕ್ರಮ ಮೀನುಗಾರಿಕೆ ತಡೆಯುತ್ತಿಲ್ಲ ಅಂತ ಥಾಯ್ಲೆಂಡಿಗೆ ಹಳದಿ ಕಾರ್ಡ್, ಅಂದರೆ ಅಧಿಕೃತ ಎಚ್ಚರಿಕೆ, ತೋರಿಸಿತು. ಅದನ್ನು ವಾಪಸ್ ಪಡೆದದ್ದು 2019ರ ಜನವರಿಯಲ್ಲಿ. ಆಮೇಲೆ ದೊಡ್ಡ ಖರೀದಿದಾರರೆಲ್ಲ ‘ನಿಮ್ಮ ಬೋಟಿನಲ್ಲಿ ಯಾರಿದ್ದಾರೆ, ಹೇಗಿದ್ದಾರೆ’ ಅಂತ ಕೇಳತೊಡಗಿದರು. ಉತ್ತರ ಹುಡುಕಲು ಜನ ಬೇಕಾಯಿತು. ಭಯದಿಂದ ತೆರೆದ ಬಾಗಿಲಾದರೂ ಬಾಗಿಲೇ. ಆದರೆ ಭಯ ಹೋದ ಮೇಲೂ ಅದು ತೆರೆದಿರುತ್ತದೆ ಅಂತ ನಂಬಬೇಡಿ.

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ಪ್ಯಾಕೆಟ್ ಮೇಲೆ ಸುಸ್ಥಿರತೆಯ ಮುದ್ರೆ ಇದ್ದರೆ ಎಲ್ಲಾ ಸರಿ ಇದೆ ಅಂತ ಕಂಪನಿಯೊಳಗಿನವರೇ ತಿಳಿದಿರುತ್ತಾರೆ. 1997ರಲ್ಲಿ ಶುರುವಾದ, ಇಂಥ ಮುದ್ರೆ ಕೊಡುವ ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್‌ನಂಥ ವ್ಯವಸ್ಥೆಗಳು ಹುಟ್ಟಿದ್ದು ಮೀನಿನ ಸಂತತಿ ಮತ್ತು ಸಮುದ್ರ ಉಳಿಯಲಿ ಅಂತ. ದುಡಿಯುವವರ ಸ್ಥಿತಿಯ ಪ್ರಶ್ನೆ ಅದರೊಳಗೆ ಬಂದದ್ದು ತಡವಾಗಿ. ಮೀನು ಸುಸ್ಥಿರವಾಗಿದ್ದು, ಹಿಡಿದವನ ಪಾಸ್‌ಪೋರ್ಟ್ ಕ್ಯಾಪ್ಟನ್ ಬೀರುವಿನಲ್ಲಿ ಇರಬಹುದು.

ದುಡಿಯುವವರ ಸ್ಥಿತಿ ನಿಯಮದಂತೆ ಇದೆಯೇ ಅಂತ ತಪಾಸಣೆ ಮಾಡುವ ಆಡಿಟ್ ಅನ್ನುವುದನ್ನೂ ಸಂಶೋಧನೆ ಅಂತ ತಿಳಿಯಬೇಡಿ. ಮೂರು ದಿನಕ್ಕಿಂತ ಹೆಚ್ಚು ಸಮುದ್ರದಲ್ಲಿರುವ ಬೋಟಿನಲ್ಲಿ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 188ನೇ ಒಡಂಬಡಿಕೆ ಹೀಗೆ ಹೇಳುತ್ತದೆ. ಅದು ಅಂಗೀಕಾರವಾದದ್ದು 2007ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ. ಒಮ್ಮೆ ನಾನು ಒಂದು ಬೋಟಿನ ವಿಶ್ರಾಂತಿ ಪುಸ್ತಕ ನೋಡಿದೆ. ತೊಂಬತ್ತು ದಿನವೂ ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟು. ಒಂದೇ ಪೆನ್ನು, ಒಂದೇ ಕೈಬರಹ. ಮೀನು ಕೂಡ ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಎಂಟಕ್ಕೆ ಎದ್ದಿರಬೇಕು! ಆಡಿಟ್ ಮಾಡಿದವರು ‘ದಾಖಲೆ ಇದೆ’ ಅಂತ ಗುರುತು ಹಾಕಿ ಹೋಗಿದ್ದರು.

ಪ್ರಶ್ನೆ ಕೇಳುವುದರಲ್ಲೂ ಅಷ್ಟೇ. ‘ನಿಮ್ಮನ್ನು ಬಲವಂತವಾಗಿ ದುಡಿಸುತ್ತಿದ್ದಾರಾ?’ ಅಂತ ಕ್ಯಾಂಟೀನಿನಲ್ಲಿ, ಸೂಪರ್‌ವೈಸರ್ ಚಹಾ ಕುಡಿಯುತ್ತಾ ನಿಂತಿರುವಾಗ ಕೇಳಿದರೆ ನೂರಕ್ಕೆ ನೂರು ಜನ ‘ಇಲ್ಲ’ ಅಂತಾರೆ. ‘ಈ ಕೆಲಸ ಯಾರು ಕೊಡಿಸಿದರು? ಅವರಿಗೆ ಎಷ್ಟು ಕೊಟ್ಟಿರಿ? ಅದರಲ್ಲಿ ಇನ್ನೆಷ್ಟು ಬಾಕಿ? ಈಗ ಮನೆಗೆ ಹೋಗಬೇಕು ಅಂದರೆ ಏನು ಮಾಡಬೇಕು?’ ಹೀಗೆ ಕೇಳುತ್ತಾ ಹೋಗಿ. ಕೆಲಸ ಕೊಡಿಸಿದ್ದಕ್ಕೆ ಮೀನುಗಾರನಿಂದ ಹಣ ಕೀಳಬಾರದು ಅಂತ ಅದೇ ಒಡಂಬಡಿಕೆಯಲ್ಲಿದೆ. ಆದರೂ ಬಹಳ ಸಲ ಎಲ್ಲಾ ಕಥೆ ಬಿಚ್ಚಿಕೊಳ್ಳುವುದು ಆ ಸಾಲದಿಂದಲೇ. ಮೂರು ವರ್ಷ ಫೀಲ್ಡ್‌ನಲ್ಲಿದ್ದ ನಿಮಗೆ ಇದು ಹೊಸದಲ್ಲ. ಕಂಪನಿಯಲ್ಲಿ ಈ ಥರ ಕೇಳಲು ಬರುವವರು ನೀವೊಬ್ಬರೇ ಆಗಿರಬಹುದು.

ಈಗ ನಿಮ್ಮ ಗೈಡ್ ಮಾತಿಗೆ ಬರುತ್ತೇನೆ. ‘ಮಾರಿಕೊಂಡ ಹಾಗೆ’ ಅನ್ನುವಾಗ ಅವರು ವಿಶ್ವವಿದ್ಯಾಲಯ ಚೊಕ್ಕ, ಕಂಪನಿ ಕೊಳಕು ಅಂತ ಗೆರೆ ಎಳೆದಿದ್ದಾರೆ. ಬಂದರಿನವರು ಆ ಗೆರೆ ಒಪ್ಪುವುದಿಲ್ಲ. ‘ನೀವು ಬರ್ತೀರಿ, ಕೇಳ್ತೀರಿ, ಬರ್ಕೊಂಡು ಹೋಗ್ತೀರಿ. ನಮಗೇನು ಬಂತು?’ ಅಂತ ನಿಮಗೂ ಯಾರಾದರೂ ಕೇಳಿರುತ್ತಾರೆ. ಅವರ ಮಾತಿನಿಂದ ನಮಗೆ ಡಿಗ್ರಿ ಸಿಕ್ಕಿದೆ, ಅವರ ಕೂಲಿ ಪಟ್ಟಿ ಹಾಗೇ ಇದೆ. ಒಳಗೆ ಹೋದವರ ಕೈಗೆ ಕನಿಷ್ಠ ಆ ಪಟ್ಟಿ ಎಟುಕುತ್ತದೆ.

ಆದರೆ ಗೈಡ್ ಭಯ ಪೂರ್ತಿ ಸುಳ್ಳೂ ಅಲ್ಲ. ನಿಮ್ಮ ಡಾಕ್ಟರೇಟನ್ನು ಕೊಡೆಯಂತೆ ಹಿಡಿದು ಅದರ ಕೆಳಗೆ ನಿಲ್ಲುವ ಕಂಪನಿಗಳಿವೆ. ವರದಿ ಬೀರು ಸೇರುತ್ತದೆ, ನಿಮ್ಮ ಫೋಟೋ ವಾರ್ಷಿಕ ವರದಿ ಸೇರುತ್ತದೆ. ಇದನ್ನು ಮೊದಲೇ ವಾಸನೆ ಹಿಡಿಯಲು ನಾನು ಎರಡು ವಿಷಯ ವಿಚಾರಿಸುತ್ತೇನೆ. ಈ ಹುದ್ದೆ ಯಾರಿಗೆ ವರದಿ ಮಾಡುತ್ತದೆ? ಪ್ರಚಾರ ವಿಭಾಗಕ್ಕಾದರೆ ಕಷ್ಟ. ಉತ್ಪಾದನೆ ಅಥವಾ ಖರೀದಿ ವಿಭಾಗದ ಮುಖ್ಯಸ್ಥರಿಗಾದರೆ ಆಸೆ ಇಟ್ಟುಕೊಳ್ಳಬಹುದು. ಇನ್ನೊಂದು, ಕಂಪನಿಯ ಖರೀದಿ ಆರ್ಡರ್‌ಗಳನ್ನು ನೋಡಲು ನಿಮಗೆ ಬಿಡುತ್ತಾರಾ? ಸರಬರಾಜುದಾರನ ಹತ್ತಿರ ಹೆಂಗಸರು ಹದಿನಾರು ಗಂಟೆ ದುಡಿದರು ಅಂತ ವರದಿ ಬರೆಯುವುದು ಸುಲಭ. ಹಿಂದಿನ ಸಂಜೆ ಕಂಪನಿಯೇ ಆರ್ಡರನ್ನು ದುಪ್ಪಟ್ಟು ಮಾಡಿ, ಸಾಗಿಸುವ ದಿನವನ್ನು ಮಾತ್ರ ಹಾಗೇ ಇಟ್ಟಿತ್ತು ಅನ್ನುವುದು ಖರೀದಿ ಕಡತ ನೋಡದೆ ಗೊತ್ತಾಗುವುದಿಲ್ಲ. ತಪ್ಪಿನ ಬೇರು ಬಹಳ ಸಲ ನಮ್ಮನ್ನು ಕೆಲಸಕ್ಕೆ ಕರೆದ ಕಂಪನಿಯ ಮೇಜಿನ ಮೇಲೇ ಇರುತ್ತದೆ.

ಬೇರೆ ದಾರಿಗಳೂ ಇವೆ. ಸಲಹಾ ಸಂಸ್ಥೆ ಸೇರಿದರೆ ಹತ್ತು ಕಂಪನಿ ನೋಡಬಹುದು, ಕಲಿಯುವುದು ಜಾಸ್ತಿ. ಆದರೆ ಪ್ರತಿ ಜಾಗಕ್ಕೆ ಸಿಗುವುದು ಎರಡು ಮೂರು ದಿನ. ಕಟುವಾಗಿ ಬರೆದರೆ ಮುಂದಿನ ಸಲ ಕರೆಯುವುದಿಲ್ಲ ಅನ್ನುವ ಅಳುಕು ಬೆನ್ನ ಹಿಂದೆ ಇದ್ದೇ ಇರುತ್ತದೆ. ಕಾರ್ಮಿಕ ಸಂಘಟನೆ ಅಥವಾ ಸ್ವಯಂಸೇವಾ ಸಂಸ್ಥೆಯಲ್ಲಿ ಬಾಯಿ ಸ್ವತಂತ್ರ. ಬಾಗಿಲು ಮಾತ್ರ ಮುಚ್ಚಿರುತ್ತದೆ. ಗೇಟಿನ ಹೊರಗೆ, ಪಾಳಿ ಬಿಡುವ ಹೊತ್ತಿಗೆ ಕಾಯಬೇಕು. ಸಂಬಳ ಯೋಜನೆಯಿಂದ ಯೋಜನೆಗೆ. ವಿಶ್ವವಿದ್ಯಾಲಯದಲ್ಲೇ ಉಳಿದು ಕಂಪನಿಯ ಜೊತೆ ಒಂದು ಅಧ್ಯಯನಕ್ಕೆ ಒಪ್ಪಂದ ಮಾಡಿಕೊಳ್ಳುವುದು ನನಗೆ ಇಷ್ಟವಾದ ದಾರಿ. ಸಂಶೋಧನೆಯ ನೈತಿಕತೆ ನೋಡಿಕೊಳ್ಳುವ ಸಮಿತಿಯ ರಕ್ಷಣೆ ಇರುತ್ತದೆ. ಆದರೆ ಅದಕ್ಕೆ ನಿಮಗೆ ಅಲ್ಲೊಂದು ಕಾಯಂ ಕೆಲಸ ಬೇಕು. ಅದು ಸಿಗುವಂತಿದ್ದರೆ ನೀವು ನನಗೆ ಪತ್ರವನ್ನೇ ಬರೆಯುತ್ತಿರಲಿಲ್ಲ ಅನ್ನಿಸುತ್ತದೆ.

ಕಂಪನಿಗೇ ಹೋಗುತ್ತೀರಿ ಅಂತಾದರೆ ಸಹಿ ಹಾಕುವ ಮುಂಚೆ ಕೆಲವು ಮಾತು ಕಾಗದದಲ್ಲಿ ಬರಲಿ. ಬಾಯಿಮಾತು ಆ ಮ್ಯಾನೇಜರ್ ವರ್ಗವಾಗುವವರೆಗೆ ಮಾತ್ರ. ಕಚ್ಚಾ ನೋಟ್ಸ್, ಧ್ವನಿಮುದ್ರಣ ನಿಮ್ಮ ಹತ್ತಿರವೇ ಇರಬೇಕು, ಕಂಪನಿಗೆ ಹೋಗುವುದು ವರದಿ ಮಾತ್ರ. ಕಂಪನಿಯ ಲ್ಯಾಪ್‌ಟಾಪಿನಲ್ಲಿಟ್ಟದ್ದು ಕಂಪನಿಗೆ ಸೇರಿದ್ದು ಅಂತಲೇ ತಿಳಿಯಿರಿ. ಗೌಪ್ಯತೆಯ ಕರಾರಿಗೆ ಸಹಿ ಕೇಳೇ ಕೇಳುತ್ತಾರೆ. ವ್ಯಾಪಾರದ ಗುಟ್ಟಿಗೆ ಅದು ನ್ಯಾಯವೇ. ಆದರೆ ಜೀತ, ಮಕ್ಕಳ ದುಡಿಮೆ, ಹಲ್ಲೆಯಂಥದ್ದು ಕಂಡರೆ ಸಂಬಂಧಪಟ್ಟವರಿಗೆ ತಿಳಿಸುವುದನ್ನು ಅದು ತಡೆಯಬಾರದು. ಒಬ್ಬ ವಕೀಲರಿಗೆ ತೋರಿಸಿ. ಇಂಥದ್ದು ಕಂಡ ದಿನ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಆ ಮನುಷ್ಯನನ್ನು ಎಲ್ಲಿಗೆ ಕಳಿಸಬೇಕು ಅನ್ನುವುದೂ ಮುಂಚೆಯೇ ತೀರ್ಮಾನವಾಗಿರಲಿ. ಕಂಡ ಮೇಲೆ ಯೋಚಿಸಿದರೆ, ‘ಪೂರೈಕೆದಾರನ ಜೊತೆ ವ್ಯವಹಾರ ನಿಲ್ಲಿಸಿದೆವು’ ಅಂತ ಕಂಪನಿ ಕೈತೊಳೆದುಕೊಳ್ಳುತ್ತದೆ. ದುಡಿಯುತ್ತಿದ್ದವರು ಕೂಲಿಯೂ ಇಲ್ಲದೆ ಬೀದಿಗೆ ಬೀಳುತ್ತಾರೆ.

ಹೆಸರು ತೆಗೆದರೆ ಸಾಕು ಅನ್ನುವ ಭ್ರಮೆಯೂ ಬೇಡ. ಇದರಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. ಮೊದಮೊದಲು ಬರೆದ ಒಂದು ವರದಿಯಲ್ಲಿ ‘ನೀರು ಸಾಲುತ್ತಿಲ್ಲ ಎಂದು ಒಬ್ಬ ಅಡುಗೆಯವನು ಹೇಳಿದ’ ಅಂತ ಹಾಕಿದೆ. ಹೆಸರಿಲ್ಲ, ಊರಿಲ್ಲ. ಆದರೆ ಹನ್ನೆರಡು ಜನರ ಬೋಟಿನಲ್ಲಿ ಅಡುಗೆಯವನು ಒಬ್ಬನೇ. ಮುಂದಿನ ಸಲ ಹೋದಾಗ ಒಲೆಯ ಮುಂದೆ ಬೇರೆ ಹುಡುಗ ಇದ್ದ. ಹಳಬ ಎಲ್ಲಿ ಅಂದರೆ ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ಒಂದೇ ಬೋಟಿನ ಮಾತು ವರದಿಗೆ ಹೋಗುವುದಿಲ್ಲ. ಐದಾರು ಬೋಟಿನದು ಸೇರಿಸಿ, ಯಾವ ಕೆಲಸದವರು ಹೇಳಿದರು ಅನ್ನುವುದನ್ನೂ ತೆಗೆದು ಬರೆಯುತ್ತೇನೆ.

ವರದಿಯ ಬಗ್ಗೆ ಇನ್ನೊಂದು ಸಣ್ಣ ಮಾತು. ನನ್ನ ಮೊದಲ ವರದಿ 140 ಪುಟವಿತ್ತು. ಘಟಕದ ಮುಖ್ಯಸ್ಥರು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಸರಿ, ನಾಳೆ ಬೆಳಿಗ್ಗೆ ನಾನು ಏನು ಮಾಡ್ಲಿ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಎರಡೇ ಪುಟ ಬರೆಯುತ್ತೇನೆ.

ಕೊನೆಗೆ ಆ ನೋಟ್ಸ್. ಅವು ನಿಮ್ಮವಲ್ಲ, ಕೊಡಲು ಬರುವುದಿಲ್ಲ. ಆ ಹೆಂಗಸರು, ಆ ಬೋಟಿನವರು ಒಪ್ಪಿಗೆ ಕೊಟ್ಟದ್ದು ಪಿಎಚ್‌ಡಿ ಓದುತ್ತಿದ್ದ ಹುಡುಗಿಗೆ, ಪ್ರಬಂಧಕ್ಕೆ. ತಮ್ಮ ಮಾಲು ಕೊಳ್ಳುವ ಕಂಪನಿಗೆ ಅವರು ಯಾವತ್ತೂ ಮಾತಾಡಿಲ್ಲ. ಬೆಲೆಯ ಬಗ್ಗೆ, ಮುಂಗಡದ ಸಾಲದ ಬಗ್ಗೆ, ಯಾವ ಏಜೆಂಟ್ ತೂಕದಲ್ಲಿ ಮೋಸ ಮಾಡುತ್ತಾನೆ ಅನ್ನುವ ಬಗ್ಗೆ ಅವರು ಹೇಳಿದ್ದೆಲ್ಲ ಖರೀದಿ ವಿಭಾಗದವರಿಗೆ ಚಿನ್ನ. ಮ್ಯಾನೇಜರ್ ಕೆಟ್ಟ ಮನಸ್ಸಿನಿಂದ ಕೇಳಿದ್ದಾರೆ ಅಂತ ನನಗನ್ನಿಸುವುದಿಲ್ಲ. ಬಹಳ ಜನಕ್ಕೆ ಅದು ಗ್ರಾಹಕರ ಪಟ್ಟಿಯ ಹಾಗೆ, ಹಳೇ ಕೆಲಸದಿಂದ ಹೊಸ ಕೆಲಸಕ್ಕೆ ತರುವ ವಸ್ತು ಅಷ್ಟೇ.

ಅದಕ್ಕೇ ನಾಳೆಯೇ ಅವರಿಗೆ ನಾಲ್ಕು ಸಾಲು ಬರೆಯಿರಿ. ‘ಹಿಂದಿನ ಸಂದರ್ಶನಗಳು ಸಂಶೋಧನೆಯ ಒಪ್ಪಿಗೆಗೆ ಒಳಪಟ್ಟಿವೆ, ಅವನ್ನು ಹಂಚಿಕೊಳ್ಳಲು ಆಗುವುದಿಲ್ಲ. ಮೊದಲ ಒಂದು ವರ್ಷ ಆ ಬಂದರಿನ ಕೆಲಸ ನನಗೆ ಬೇಡ, ಬೇರೆ ಕಡೆ ಹಾಕಿ.’ ಇಷ್ಟು ಸಾಕು. ‘ಓಹೋ, ಸರಿ’ ಅಂದರೆ ಸೇರಿ ಅಂತಲೇ ನನ್ನ ಸಲಹೆ. ‘ಹಾಗಾದರೆ ನಿಮ್ಮನ್ನು ತಗೊಂಡು ಏನು ಪ್ರಯೋಜನ’ ಅಂದರೆ, ಅವರಿಗೆ ಬೇಕಿದ್ದದ್ದು ನೋಟ್ಸ್, ನೀವಲ್ಲ. ಆಗ ಸಲಹಾ ಸಂಸ್ಥೆಯ ಬಾಗಿಲು ತಟ್ಟಿ.

ಸೇರುವುದು ಗಟ್ಟಿಯಾದ ಮೇಲೆ, ಮೊದಲ ದಿನಕ್ಕೆ ಮುಂಚೆ ಬಂದರಿಗೆ ಒಮ್ಮೆ ಹೋಗಿ ಬನ್ನಿ. ನೀವು ಇಂಥ ಕಂಪನಿ ಸೇರುತ್ತಿದ್ದೀರಿ ಅಂತ ಅವರಿಗೆ ನಿಮ್ಮ ಬಾಯಿಂದಲೇ ಗೊತ್ತಾಗಲಿ. ಕಂಪನಿ ಗಾಡಿಯಿಂದ ನೀವು ಇಳಿಯುವುದನ್ನು ನೋಡಿ ಗೊತ್ತಾಗುವುದು ಬೇಡ. ಕೆಲವರು ಮುಖ ತಿರುಗಿಸಬಹುದು. ಕೆಲವರು ‘ಹಾಗಾದರೆ ಆ ತೂಕದ ವಿಷಯ ಅಲ್ಲಿ ಹೇಳಿ’ ಅನ್ನಬಹುದು. ಹಾಗೆ ಹೇಳಿದವರನ್ನು ಮತ್ತೆ ಕೇಳಿ, ಈಗ ಹೊಸದಾಗಿ, ಕಂಪನಿಯವಳಾಗಿ ಕೇಳಿ, ಬರೆದುಕೊಳ್ಳಿ. ಪ್ರಬಂಧದ ಒಂದು ಪ್ರತಿಯನ್ನೂ ಒಯ್ಯಿರಿ. ಕೊಡುತ್ತೇನೆ ಅಂತ ಯಾರಿಗಾದರೂ ಮಾತು ಕೊಟ್ಟಿರುತ್ತೀರಿ, ನಾವೆಲ್ಲಾ ಕೊಟ್ಟಿರುತ್ತೇವೆ.